ಬೂಟ್ ಆಗುವಾಗ ಲಿನಕ್ಸ್ ಹಾರ್ಡ್‌ವೇರ್ ಗುರುತಿಸುವುದು ಹೇಗೆ: ‘ಕಾಣವಲ್ದು’ ಎಂಬ ದೂರಿನ ಮೂಲ ಹುಡುಕುವ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ-ಧಾರವಾಡದ ಕಚೇರಿಗಳಿಂದ ಹೊರಬಿದ್ದ ಹಳೆಯ ಡೆಸ್ಕ್‌ಟಾಪ್‌ಗಳು, ಗದಗ-ಬೆಟಗೇರಿಯ ಮುದ್ರಣಾಲಯಗಳ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು, ಬ್ಯಾಡಗಿಯ ಅಡತಿ ಅಂಗಡಿಗಳ ತೂಕದ ಯಂತ್ರಗಳು. ಇವುಗಳ ಜೊತೆ ಲಿನಕ್ಸ್ ಹೊಂದಿಸಲು ಕೂತಾಗ ಕೇಳಿಬರುವ ದೂರು ಒಂದೇ: ವೈಫೈ ಕಾಣವಲ್ದು, ಡಿಸ್ಕ್ ಕಾಣವಲ್ದು, ಪೋರ್ಟ್ ಕಾಣವಲ್ದು. ಬಹಳ ಮಂದಿ ಆಗ ನೇರವಾಗಿ ಇನ್ನೊಮ್ಮೆ ಇನ್‌ಸ್ಟಾಲ್ ಮಾಡುತ್ತಾರೆ, ಅಥವಾ ಉಬುಂಟು ಬಿಟ್ಟು ಮಿಂಟ್, ಮಿಂಟ್ ಬಿಟ್ಟು ಫೆಡೋರಾ ಎಂದು ಅಲೆಯುತ್ತಾರೆ. ಅದರಿಂದ ಅರ್ಧ ದಿನ ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ.

ಒಂದು ಸಾಧನ ಬಳಕೆಗೆ ಬರಬೇಕಾದರೆ ಹಲವು ಕೆಲಸಗಳು ಸಾಲಾಗಿ ನಡೆಯಬೇಕು. ಮದರ್‌ಬೋರ್ಡಿನ ಫರ್ಮ್‌ವೇರ್ (ಹಾರ್ಡ್‌ವೇರ್ ಒಳಗೇ ಓಡುವ ಪ್ರೋಗ್ರಾಂ) ಅದಕ್ಕೆ ಜಾಗ ಕೊಡಬೇಕು, ಕರ್ನಲ್ (ಲಿನಕ್ಸ್‌ನ ತಿರುಳು) ಅದನ್ನು ಬಸ್ಸಿನ (ಸಾಧನಗಳನ್ನು ಜೋಡಿಸುವ ಹಾದಿಯ) ಮೇಲೆ ಕಾಣಬೇಕು, ತಕ್ಕ ಡ್ರೈವರ್ (ಆ ಸಾಧನ ನಡೆಸುವ ಪ್ರೋಗ್ರಾಂ) ಲೋಡ್ ಆಗಬೇಕು, ಡ್ರೈವರಿಗೆ ಬೇಕಾದ ಫರ್ಮ್‌ವೇರ್ ಕಡತ ಸಿಗಬೇಕು, ಕೊನೆಗೆ ಅದಕ್ಕೊಂದು ಹೆಸರು ಹುಟ್ಟಬೇಕು. ಎಲ್ಲಿ ತುಂಡಾದರೂ ಹೊರಗೆ ಕಾಣುವ ಫಲ ಒಂದೇ, ಆದರೆ ಮದ್ದು ಬೇರೆ ಬೇರೆ. ಆದ್ದರಿಂದ ಏನನ್ನೂ ಬದಲಾಯಿಸುವ ಮೊದಲು ಎಲ್ಲಿ ತುಂಡಾಗಿದೆ ಎಂದು ಗೊತ್ತುಮಾಡಿಕೊಳ್ಳಬೇಕು. ಪ್ರತಿ ಹಂತವೂ ತನ್ನ ಗುರುತು ಬಿಟ್ಟುಹೋಗುವುದರಿಂದ ಇದು ಕಷ್ಟದ ಕೆಲಸವಲ್ಲ.

ಇಲ್ಲಿ ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದು ಹೇಳಿದೆ. ಉದಾಹರಣೆಗಳು ಉಬುಂಟು, ಡೆಬಿಯನ್, ಮಿಂಟ್‌ಗೆ ಹೊಂದುತ್ತವೆ. ಫೆಡೋರಾದಲ್ಲಿ ಬೇರೆ ಇರುವ ಕಡೆ ಸೂಚಿಸಿದೆ.

ಶುರು ಮಾಡುವ ಮೊದಲು: ಕರ್ನಲ್‌ನ ಬಾಯಿ ಬಿಡಿಸಿ

ಬೂಟ್ ಆಗುವಾಗ ಕಾಣುವ ಲೋಗೋ ಹಿಂದೆ ಕರ್ನಲ್ ಸಾವಿರಾರು ಸಾಲು ಬರೆಯುತ್ತಿರುತ್ತದೆ. ಅವನ್ನು ಕಣ್ಣಾರೆ ನೋಡಲು, ಯಂತ್ರ ಆನ್ ಮಾಡಿದ ಕೂಡಲೇ ಶಿಫ್ಟ್ ಕೀ ಹಿಡಿದು ಗ್ರಬ್ (ಕರ್ನಲ್‌ನ್ನು ಮೆಮೊರಿಗೆ ತರುವ ಪ್ರೋಗ್ರಾಂ) ಮೆನು ತರಿಸಿ. ಯುಇಎಫ್‌ಐ (ಬಯೋಸ್‌ನ ಜಾಗಕ್ಕೆ ಬಂದ ಹೊಸ ಬಗೆಯ ಫರ್ಮ್‌ವೇರ್) ಯಂತ್ರವಾದರೆ ಎಸ್ಕೇಪ್ ಒತ್ತಿ. ಮೊದಲ ಆಯ್ಕೆಯ ಮೇಲೆ ನಿಂತು ‘ಇ’ ಕೀ ಒತ್ತಿ. ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಯಲ್ಲಿರುವ ‘ಕ್ವೈಟ್ ಸ್ಪ್ಲ್ಯಾಶ್’ ಎರಡೂ ಪದ ಅಳಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿದರೆ ಬೂಟ್ ಮುಂದುವರಿಯುತ್ತದೆ. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ, ಹೆದರಬೇಕಿಲ್ಲ.

ಬೂಟ್ ಪೂರ್ತಿಯಾದರೆ ‘ಸುಡೋ ಡಿಎಂಇಎಸ್‌ಜಿ’ ಕೊಡಿ; ಕರ್ನಲ್ ಬರೆದ ಆ ಸಾಲುಗಳು ಬರುತ್ತವೆ, ಮುಂದೆ ‘ಲಾಗ್’ ಎಂದರೆ ಇವೇ. ಸುಡೋ ಎಂದರೆ ಆಡಳಿತದ ಅಧಿಕಾರದಿಂದ ಓಡಿಸು ಎಂದರ್ಥ. ಈಗಿನ ಉಬುಂಟುವಿನಲ್ಲಿ ಸುಡೋ ಇಲ್ಲದೆ ಇದು ನಡೆಯುವುದಿಲ್ಲ. ಹಿಂದಿನ ಬೂಟ್‌ನ ದಾಖಲೆ ಬೇಕಿದ್ದರೆ ‘ಜರ್ನಲ್‌ಸಿಟಿಎಲ್ -ಕೆ -ಬಿ -1’. ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಕೆಡುವ ಯಂತ್ರಗಳಿಗೆ ಈ ಎರಡನೆಯದೇ ಹೆಚ್ಚು ಉಪಯೋಗ. ಔಟ್‌ಪುಟ್ಟನ್ನು ಕಡತಕ್ಕೆ ಉಳಿಸಿಕೊಳ್ಳಿ, ಒಮ್ಮೆ ಓದಿ ಮುಗಿಯುವಂಥದ್ದಲ್ಲ. ಸಾಲಿನ ಎಡಕ್ಕಿರುವ ಸಂಖ್ಯೆ, ಕರ್ನಲ್ ಎದ್ದಾಗಿನಿಂದ ಕಳೆದ ಸೆಕೆಂಡು. ಎರಡು ಸಾಲುಗಳ ನಡುವೆ 2.1ರಿಂದ 32.4ಕ್ಕೆ ನೆಗೆತವಿದ್ದರೆ, ಯಾವುದೋ ಸಾಧನ ಉತ್ತರ ಕೊಡದೆ ಕರ್ನಲ್‌ನ್ನು ಕಾಯಿಸಿದೆ ಎಂದರ್ಥ. ಆ ನೆಗೆತದ ಹಿಂದಿನ ಮತ್ತು ಮುಂದಿನ ಸಾಲುಗಳಲ್ಲೇ ಅಪರಾಧಿಯ ಹೆಸರು ಇರುತ್ತದೆ.

ಜೊತೆಗೆ 8 ಜಿಬಿ ಪೆನ್‌ಡ್ರೈವಿನಲ್ಲಿ ಒಂದು ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡುವಂಥದ್ದು) ಇಟ್ಟುಕೊಳ್ಳಿ.

ಹಂತ 1: ಲಿನಕ್ಸ್‌ಗಿಂತ ಮೊದಲು ನಡೆಯುವುದು

ಪವರ್ ಬಟನ್ ಒತ್ತಿದಾಗ ಮೊದಲು ಓಡುವುದು ಮದರ್‌ಬೋರ್ಡಿನ ಬಯೋಸ್ ಅಥವಾ ಯುಇಎಫ್‌ಐ. ಅದು ರ‍್ಯಾಮ್ ಪರೀಕ್ಷಿಸಿ ಸಿದ್ಧಪಡಿಸುತ್ತದೆ, ಪಿಸಿಐ (ಪಿಸಿಯ ಮುಖ್ಯ ಬಸ್) ಸಾಧನಗಳಿಗೆ ಮೊದಲ ಸುತ್ತಿನ ವಿಳಾಸ ಹಂಚುತ್ತದೆ, ಎಸಿಪಿಐ (ಯಂತ್ರದಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ) ಕೋಷ್ಟಕಗಳನ್ನು ಮೆಮೊರಿಯಲ್ಲಿ ಬರೆದಿಡುತ್ತದೆ. ಆಮೇಲೆ ಗ್ರಬ್ ಬಂದು ಕರ್ನಲ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್ (ಡ್ರೈವರುಗಳ ಸಣ್ಣ ಗಂಟು, ಹಂತ 6 ನೋಡಿ) ಎರಡನ್ನೂ ಮೆಮೊರಿಗೆ ತಂದು ಮುಂದಿನ ಕೆಲಸ ಕರ್ನಲ್‌ಗೆ ಬಿಡುತ್ತದೆ.

ಇಲ್ಲಿ ಕೆಟ್ಟಿದ್ದನ್ನು ಲಿನಕ್ಸ್ ಸರಿಮಾಡಲಾರದು. ಆದ್ದರಿಂದ ಮೊದಲ ಪರೀಕ್ಷೆ ಬಯೋಸ್ ಪರದೆಯಲ್ಲೇ: ಅಲ್ಲಿ ಡಿಸ್ಕಿನ ಹೆಸರು, ರ‍್ಯಾಮ್‌ನ ಪೂರ್ತಿ ಅಳತೆ ಕಾಣುತ್ತಿದೆಯೇ? ಡಿಸ್ಕ್ ಅಲ್ಲೇ ಕಾಣದಿದ್ದರೆ ಕೇಬಲ್, ಪವರ್, ಸಾಕೆಟ್ ನೋಡಿ. ಕಮಾಂಡ್ ಕೊಟ್ಟು ಫಲವಿಲ್ಲ. ರ‍್ಯಾಮ್ ಅರ್ಧ ತೋರಿಸುತ್ತಿದ್ದರೆ ಕರೆಂಟಿನ ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿ ಉಳಿದ ವಿದ್ಯುತ್ ಹರಿಸಿ, ರ‍್ಯಾಮ್ ಪಟ್ಟಿ ತೆಗೆದು ಅದರ ಬಂಗಾರದ ಬಣ್ಣದ ಅಂಚನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಮತ್ತೆ ಕೂರಿಸಿ. ಎರಿ ಹೊಲದ ಧೂಳು ಬೇಸಿಗೆಯಲ್ಲಿ ಕ್ಯಾಬಿನೆಟ್ ಒಳಗೆ ಎಷ್ಟು ಸೇರುತ್ತದೆ ಎಂಬುದು ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಹಳೆಯ ಯಂತ್ರಗಳಲ್ಲಿ ಮರೆತುಹೋಗುವ ಒಂದು ಭಾಗ ಸಿಆರ್2032 ನಾಣ್ಯದಾಕಾರದ ಸೆಲ್. ಹೊಸದರಲ್ಲಿ 3 ವೋಲ್ಟ್ ಅಥವಾ ಸ್ವಲ್ಪ ಹೆಚ್ಚು ಇರುತ್ತದೆ. ಮಲ್ಟಿಮೀಟರ್ 2.7ಕ್ಕಿಂತ ಕಡಿಮೆ ತೋರಿಸಿದರೆ ಬದಲಿಸಿ. ಸೆಲ್ ಸತ್ತ ಯಂತ್ರದಲ್ಲಿ ಕರೆಂಟ್ ಹೋದಾಗೆಲ್ಲ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳಬಹುದು. ಆಗ ದಿನಾಂಕ ಹಿಂದಕ್ಕೆ ಹೋಗುವುದಷ್ಟೇ ಅಲ್ಲ, ಸಾಟಾ ಮೋಡ್ (ಡಿಸ್ಕಿನ ಜೊತೆ ಮಾತಾಡುವ ವಿಧಾನ) ಎಎಚ್‌ಸಿಐ ಇದ್ದದ್ದು ಐಡಿಇ ಅಥವಾ ರೇಡ್‌ಗೆ ತಿರುಗಬಹುದು. ನಿನ್ನೆ ನಡೆದ ಯಂತ್ರ ಇಂದು ಡಿಸ್ಕ್ ಇಲ್ಲ ಎನ್ನುವುದಕ್ಕೆ ಇದೊಂದು ಕಾರಣ.

ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಜಾತಿಯ ಇನ್ನೊಂದು ತೊಡಕಿದೆ. ಬಯೋಸ್‌ನಲ್ಲಿ ರೇಡ್ ಅಥವಾ ಆರ್‌ಎಸ್‌ಟಿ ಮೋಡ್ ಇದ್ದರೆ ಎನ್‌ವಿಎಂಇ ಡಿಸ್ಕ್ (ನೇರ ಪಿಸಿಐ ಮೇಲೆ ಕೂರುವ ವೇಗದ ಡಿಸ್ಕ್) ಸಾಟಾ ಕಂಟ್ರೋಲರಿನ ಹಿಂದೆ ಅಡಗುತ್ತದೆ, ಇನ್‌ಸ್ಟಾಲರಿಗೆ ಡಿಸ್ಕೇ ಕಾಣುವುದಿಲ್ಲ. ಕರ್ನಲ್ ಇದನ್ನು ಬಾಯಿಬಿಟ್ಟು ಹೇಳುತ್ತದೆ: ರೀಮ್ಯಾಪ್ ಆದ ಎನ್‌ವಿಎಂಇ ಸಾಧನ ಸಿಕ್ಕಿದೆ, ಬಯೋಸನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿ, ಎಂದು. ಲಾಗ್‌ನಲ್ಲಿ ‘ರೀಮ್ಯಾಪ್ಡ್’ ಪದ ಹುಡುಕಿ. ಆದರೆ ಅದೇ ಡಿಸ್ಕಿನಲ್ಲಿ ವಿಂಡೋಸ್ ಕೂಡ ಇದ್ದರೆ ಒಮ್ಮೆಲೇ ಮೋಡ್ ಬದಲಿಸಬೇಡಿ, ವಿಂಡೋಸ್ ನೀಲಿ ಪರದೆಗೆ ಬೀಳುತ್ತದೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಕೀ ಬರೆದಿಟ್ಟುಕೊಂಡು, ಮೊದಲು ವಿಂಡೋಸನ್ನು ಸೇಫ್ ಮೋಡ್‌ಗೆ ಬೂಟ್ ಆಗುವಂತೆ ಮಾಡಿ, ಆಮೇಲೆ ಬಯೋಸ್‌ನಲ್ಲಿ ಬದಲಿಸಬೇಕು.

ಹಂತ 2: ಕರ್ನಲ್ ಏಳುವುದು

ಕರ್ನಲ್ ಮೊದಲು ನೋಡುವುದು ಫರ್ಮ್‌ವೇರ್ ಕೊಟ್ಟ ಮೆಮೊರಿ ನಕ್ಷೆ. ಲಾಗ್‌ನ ಆರಂಭದಲ್ಲೇ ‘ಇ820’ ಎಂಬ ಸಾಲುಗಳಲ್ಲಿ ಯಾವ ಭಾಗ ಬಳಸಬಹುದು, ಯಾವುದು ಮೀಸಲು ಎಂದಿರುತ್ತದೆ. 8 ಜಿಬಿ ಹಾಕಿದ ಯಂತ್ರ 7.6 ತೋರಿಸಿದರೆ ಅದು ದೋಷವಲ್ಲ, ಒಳಗಿನ ಗ್ರಾಫಿಕ್ಸ್ ಮತ್ತು ಫರ್ಮ್‌ವೇರ್ ತಮ್ಮ ಪಾಲು ತೆಗೆದುಕೊಂಡಿರುತ್ತವೆ.

ಆಮೇಲೆ ಸಿಪಿಯು ತನ್ನ ಗುರುತನ್ನು ಸಿಪಿಯುಐಡಿ ಸೂಚನೆಯ ಮೂಲಕ ಹೇಳುತ್ತದೆ. ಎಷ್ಟು ಕೋರ್‌ಗಳಿವೆ ಎಂಬುದು ಎಸಿಪಿಐನ ಎಂಎಡಿಟಿ ಕೋಷ್ಟಕದಿಂದ ಗೊತ್ತಾಗುತ್ತದೆ. ಹಳೆಯ ಸಲಹೆ ನಂಬಿ ಗ್ರಬ್‌ನ ‘ಲಿನಕ್ಸ್’ ಸಾಲಿಗೆ ‘ಎಸಿಪಿಐ=ಆಫ್’ ಎಂಬ ಕರ್ನಲ್ ಆಯ್ಕೆ ಹಾಕಿದವರ ನಾಲ್ಕು ಕೋರ್ ಯಂತ್ರ ಒಂದೇ ಕೋರ್‌ನಲ್ಲಿ ಓಡುವುದು, ಶಟ್‌ಡೌನ್ ಮಾಡಿದರೂ ಪವರ್ ಆಫ್ ಆಗದಿರುವುದು ಇದೇ ಕಾರಣಕ್ಕೆ.

ಹಂತ 3: ಪಿಸಿಐ ಬಸ್ಸಿನ ಗಣತಿ

ಗ್ರಾಫಿಕ್ಸ್, ನೆಟ್‌ವರ್ಕ್, ಸಾಟಾ, ಎನ್‌ವಿಎಂಇ, ಯುಎಸ್‌ಬಿ ಕಂಟ್ರೋಲರ್, ಸೌಂಡ್: ಪಿಸಿಯಲ್ಲಿ ಮುಖ್ಯವಾದವೆಲ್ಲ ಪಿಸಿಐ ಮೇಲೆಯೇ ಇವೆ. ಜನಗಣತಿಯವರು ಮನೆಮನೆಯ ಬಾಗಿಲು ತಟ್ಟಿದ ಹಾಗೆ ಕರ್ನಲ್ ಇಲ್ಲಿ ಒಂದೊಂದೇ ವಿಳಾಸ ತಟ್ಟುತ್ತದೆ. ಒಂದು ಬಸ್ಸಿನಲ್ಲಿ 32 ಸಾಧನ ಸ್ಥಾನ, ಪ್ರತಿ ಸಾಧನಕ್ಕೆ 8 ಫಂಕ್ಷನ್. ಪ್ರತಿ ವಿಳಾಸದ ಕಾನ್ಫಿಗರೇಶನ್ ಜಾಗದ ಮೊದಲ ಎರಡು ಬೈಟ್ ಓದಿದಾಗ ತಯಾರಕರ ಸಂಖ್ಯೆ ಬರಬೇಕು. ಎಲ್ಲ ಬಿಟ್‌ಗಳೂ ಒಂದಾಗಿ, ಅಂದರೆ ನಾಲ್ಕು ‘ಎಫ್’ ಬಂದರೆ ಅಲ್ಲಿ ಯಾರೂ ಇಲ್ಲ. 8086 ಬಂದರೆ ಇಂಟೆಲ್, 1022 ಎಎಂಡಿ, 10ಡಿಇ ಎನ್ವಿಡಿಯಾ, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್. ಮುಂದಿನ ಎರಡು ಬೈಟ್ ಮಾಡೆಲ್ ಸಂಖ್ಯೆ. ಸಾಧನ ಯಾವ ಕೆಲಸದ್ದು ಎನ್ನಲು ಕ್ಲಾಸ್ ಕೋಡ್ ಇದೆ: 0200 ಎಂದರೆ ಈಥರ್ನೆಟ್, 0280 ಬೇರೆ ನೆಟ್‌ವರ್ಕ್ ಸಾಧನ (ವೈಫೈ ಸಾಮಾನ್ಯವಾಗಿ ಇಲ್ಲಿ), 0300 ಡಿಸ್‌ಪ್ಲೇ, 0106 ಸಾಟಾ, 0108 ಎನ್‌ವಿಎಂಇ, 0ಸಿ03 ಯುಎಸ್‌ಬಿ.

ಸಿಕ್ಕಿದ್ದು ಬ್ರಿಜ್ ಆದರೆ ಅದರ ಹಿಂದೆ ಇನ್ನೊಂದು ಬಸ್ ಇರುತ್ತದೆ. ಕರ್ನಲ್ ಅದಕ್ಕೆ ಹೊಸ ಸಂಖ್ಯೆ ಕೊಟ್ಟು ಅದರೊಳಗೂ ಹೋಗುತ್ತದೆ, ಕೊನೆ ಮುಟ್ಟಿ ಮರಳುತ್ತದೆ. ಸಾಧನಕ್ಕೆ ಎಷ್ಟು ಮೆಮೊರಿ ಜಾಗ ಬೇಕು ಎಂದು ತಿಳಿಯುವ ಉಪಾಯ ಸೊಗಸಾಗಿದೆ. ಅದರ ಬಾರ್ ರಿಜಿಸ್ಟರಿನ (ಸಾಧನದ ವಿಳಾಸ ಬರೆಯುವ ಜಾಗದ) ಎಲ್ಲ ಬಿಟ್‌ಗೂ ಒಂದು ಬರೆದು ಮರಳಿ ಓದಿದರೆ, ಸಾಧನ ಬದಲಾಗಲು ಬಿಡದ ಕೆಳಗಿನ ಬಿಟ್‌ಗಳು ಸೊನ್ನೆಯಾಗೇ ಉಳಿಯುತ್ತವೆ. ಎಷ್ಟು ಉಳಿದವು ಎಂಬುದರಿಂದ ಅಳತೆ ಸಿಗುತ್ತದೆ.

ನೀವು ಮಾಡಬೇಕಾದ್ದು: ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಡಿ. ಈ ಮಾರ್ಗದರ್ಶಿಯಲ್ಲಿ ಒಂದೇ ಕಮಾಂಡ್ ನೆನಪಿಡುವುದಾದರೆ ಇದನ್ನೇ ಇಡಿ. ಪ್ರತಿ ಸಾಧನಕ್ಕೂ ವಿಳಾಸ, ಹೆಸರು, ಚೌಕ ಆವರಣದಲ್ಲಿ ಎರಡು ಸಂಖ್ಯೆ, ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಬರುತ್ತದೆ. ಇದರಿಂದ ಮೂರು ತೀರ್ಮಾನ ಸಾಧ್ಯ. ಸಾಧನವೂ ಇದೆ, ಡ್ರೈವರ್ ಸಾಲೂ ಇದೆ ಎಂದಾದರೆ ತೊಂದರೆ ಮುಂದಿನದು: ಫರ್ಮ್‌ವೇರ್ ಕಡತ, ಸೆಟ್ಟಿಂಗ್, ಅಥವಾ ‘ಆರ್‌ಎಫ್‌ಕಿಲ್ ಲಿಸ್ಟ್’ ತೋರಿಸುವ ವೈಫೈ, ಬ್ಲೂಟೂತ್ ತಡೆ. ಸಾಧನವಿದೆ, ಡ್ರೈವರ್ ಸಾಲಿಲ್ಲ ಎಂದಾದರೆ ಹಂತ 4. ಸಾಧನವೇ ಪಟ್ಟಿಯಲ್ಲಿಲ್ಲ ಎಂದಾದರೆ ಕಾರ್ಡ್ ಸಡಿಲ, ಸ್ಲಾಟ್ ಕೆಟ್ಟಿದೆ, ಬಯೋಸ್‌ನಲ್ಲಿ ಬಂದ್ ಮಾಡಿದ್ದಾರೆ, ಅಥವಾ ಅದು ಪಿಸಿಐ ಸಾಧನವೇ ಅಲ್ಲ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಬ್ಲೂಟೂತ್ ಮತ್ತು ಕ್ಯಾಮೆರಾ ಒಳಗಿದ್ದರೂ ಯುಎಸ್‌ಬಿ ಮೇಲೆ ಕೂತಿರುತ್ತವೆ.

ಲಾಗ್‌ನಲ್ಲಿ ‘ಪಿಸಿಐಇ ಬಸ್ ಎರರ್’, ‘ಕರೆಕ್ಟೆಡ್’ ಎಂದು ನೂರಾರು ಸಾಲು ಸುರಿಯುತ್ತಿದ್ದರೆ ಸಂಪರ್ಕದಲ್ಲಿ ಗದ್ದಲವಿದೆ. ಮೊದಲು ಕಾರ್ಡ್ ತೆಗೆದು ಮತ್ತೆ ಕೂರಿಸಿ. ಹೋಗದಿದ್ದರೆ ‘ಪಿಸಿಐಇ_ಎಎಸ್‌ಪಿಎಂ=ಆಫ್’ ಎಂಬ ಕರ್ನಲ್ ಆಯ್ಕೆ ಪ್ರಯತ್ನಿಸಿ; ವಿದ್ಯುತ್ ಉಳಿಸಲು ಕರ್ನಲ್ ತಾನಾಗಿ ಲಿಂಕನ್ನು ಮಲಗಿಸುವುದನ್ನು ಅದು ತಡೆಯುತ್ತದೆ, ಬಯೋಸ್ ಮಾಡಿಟ್ಟದ್ದು ಮಾತ್ರ ಹಾಗೇ ಉಳಿಯುತ್ತದೆ. ‘ಪಿಸಿಐ=ನೋಎಇಆರ್’ ಎಂಬ ಸಲಹೆಯೂ ಸಿಗುತ್ತದೆ, ಆದರೆ ಅದು ದೂರನ್ನು ಮುಚ್ಚಿಡುತ್ತದೆಯೇ ಹೊರತು ರೋಗ ವಾಸಿ ಮಾಡುವುದಿಲ್ಲ.

ಹಂತ 4: ಸಾಧನಕ್ಕೆ ಡ್ರೈವರ್ ಜೋಡಿಸುವುದು

ಕರ್ನಲ್ ಸಾಧನ ಕಂಡ ಕೂಡಲೇ ಅದರ ಸಂಖ್ಯೆಗಳನ್ನೆಲ್ಲ ಹೊಲಿದು ‘ಮಾಡ್‌ಅಲಿಯಾಸ್’ ಎಂಬ ಒಂದು ಉದ್ದ ಸಾಲು ಮಾಡುತ್ತದೆ. ಪ್ರತಿ ಡ್ರೈವರಿನ ಒಳಗೂ ತಾನು ಯಾವ ಸಂಖ್ಯೆಯ ಸಾಧನ ನಡೆಸಬಲ್ಲೆ ಎಂಬ ಪಟ್ಟಿ ಇರುತ್ತದೆ. ‘ಡೆಪ್‌ಮಾಡ್’ ಆ ಪಟ್ಟಿಗಳನ್ನೆಲ್ಲ ಸೇರಿಸಿ ‘ಮಾಡ್ಯೂಲ್ಸ್.ಅಲಿಯಾಸ್’ ಕಡತ ಬರೆದಿಟ್ಟಿರುತ್ತದೆ. ಕರ್ನಲ್ ‘ಹೊಸ ಸಾಧನ ಬಂದಿದೆ’ ಎಂದು ಸುದ್ದಿ ಕಳಿಸುತ್ತದೆ, ಯುಡೆವ್ ಎಂಬ ಸೇವೆ ಅದನ್ನು ಕೇಳಿಸಿಕೊಂಡು ಮಾಡ್‌ಅಲಿಯಾಸ್‌ಗೆ ಹೊಂದುವ ಮಾಡ್ಯೂಲ್ (ಡ್ರೈವರ್ ಇರುವ ಕಡತ) ಲೋಡ್ ಮಾಡುತ್ತದೆ, ಆಗ ಡ್ರೈವರಿನ ‘ಪ್ರೋಬ್’ ಕಾರ್ಯ ಓಡಿ ಸಾಧನವನ್ನು ವಹಿಸಿಕೊಳ್ಳುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಯುಡೆವ್ ಶುರುವಾಗುವ ಮೊದಲೇ ಕರ್ನಲ್ ಸಾಧನಗಳನ್ನು ಕಂಡಾಗಿರುತ್ತದಲ್ಲ, ಆ ಸುದ್ದಿ ಯಾರಿಗೆ ತಲುಪಿತು? ಯಾರಿಗೂ ಇಲ್ಲ. ಅದಕ್ಕೇ ಬೂಟ್ ವೇಳೆ ‘ಯುಡೆವ್‌ಎಡಿಎಂ ಟ್ರಿಗರ್’ ಓಡಿಸಿ, ಎಲ್ಲ ಸಾಧನಗಳ ಸುದ್ದಿಯನ್ನು ಇನ್ನೊಮ್ಮೆ ಹೇಳುವಂತೆ ಕರ್ನಲ್‌ಗೆ ಕೇಳಲಾಗುತ್ತದೆ. ಇದಕ್ಕೆ ಕೋಲ್ಡ್‌ಪ್ಲಗ್ ಎನ್ನುತ್ತಾರೆ. ಬೂಟ್‌ನಲ್ಲಿ ಕಾಣದ ಯುಎಸ್‌ಬಿ ಸಾಧನ ಕಿತ್ತು ಹಾಕಿದರೆ ಕಾಣುತ್ತದೆ ಎಂಬಲ್ಲಿ ಈ ವ್ಯತ್ಯಾಸ ನೆನಪಿರಲಿ.

ಪರೀಕ್ಷೆ ಹೀಗೆ. ‘ಎಲ್‌ಎಸ್‌ಪಿಸಿಐ’ಯಲ್ಲಿ ವಿಳಾಸ 03:00.0 ಎಂದಿದ್ದರೆ ‘ಕ್ಯಾಟ್ /ಸಿಸ್/ಬಸ್/ಪಿಸಿಐ/ಡಿವೈಸಸ್/0000:03:00.0/ಮಾಡ್‌ಅಲಿಯಾಸ್’ ಕೊಟ್ಟು ಆ ಸಾಲು ಪಡೆಯಿರಿ. ಅದನ್ನು ‘ಮಾಡ್‌ಪ್ರೋಬ್ -ಆರ್’ ಮುಂದೆ ಇಡಿ. ಇಲ್ಲಿ ‘ಆರ್’ ದೊಡ್ಡಕ್ಷರ, ಮರೆಯಬೇಡಿ. ಸಣ್ಣಕ್ಷರ ಕೊಟ್ಟರೆ ಮಾಡ್ಯೂಲ್ ಕಿತ್ತುಹಾಕು ಎಂದಾಗುತ್ತದೆ. ಮಾಡ್ಯೂಲ್ ಹೆಸರು ಬಂದರೆ ಡ್ರೈವರ್ ನಿಮ್ಮ ಕರ್ನಲ್‌ನಲ್ಲಿದೆ, ಲೋಡ್ ಆಗದಿರಲು ಬೇರೆ ಕಾರಣವಿದೆ. ಏನೂ ಬರದಿದ್ದರೆ ಈ ಕರ್ನಲ್‌ಗೆ ಆ ಸಾಧನ ಗೊತ್ತಿಲ್ಲ. ಹೊಸ ಕರ್ನಲ್ ಅಥವಾ ಹೊರಗಿನ ಡ್ರೈವರ್ ಬೇಕು.

ಡ್ರೈವರ್ ಇದ್ದೂ ಲೋಡ್ ಆಗದಿರಲು ಎರಡು ಕಾರಣ ಸಾಮಾನ್ಯ. ಒಂದು, ಹಿಂದೆ ಯಾರೋ ಅದನ್ನು ಬ್ಲ್ಯಾಕ್‌ಲಿಸ್ಟ್ ಮಾಡಿರುವುದು, ಅಂದರೆ ಲೋಡ್ ಆಗದಂತೆ ತಡೆದಿರುವುದು: ‘/ಇಟಿಸಿ/ಮಾಡ್‌ಪ್ರೋಬ್.ಡಿ’ ಫೋಲ್ಡರಿನ ಕಡತಗಳಲ್ಲಿ ಹುಡುಕಿ. ಎರಡು, ಸೆಕ್ಯೂರ್ ಬೂಟ್. ಸಹಿ ಇಲ್ಲದ ಹೊರಗಿನ ಡ್ರೈವರನ್ನು ಕರ್ನಲ್ ತಿರಸ್ಕರಿಸಿದಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಸಂದೇಶ ಬರುತ್ತದೆ. ‘ಮೊಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟರೆ ಸೆಕ್ಯೂರ್ ಬೂಟ್ ಆನ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಕೀ ನೋಂದಾಯಿಸುವುದು ಸರಿಯಾದ ದಾರಿ. ಉಬುಂಟು ಡ್ರೈವರ್ ಹಾಕುವಾಗ ಪಾಸ್‌ವರ್ಡ್ ಕೇಳಿ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆಯಲ್ಲಿ ‘ಎನ್‌ರೋಲ್ ಎಂಒಕೆ’ ತೋರಿಸುತ್ತದೆ. ಏನೋ ಬಂತೆಂದು ಎಂಟರ್ ಒತ್ತಿ ದಾಟಿಸಿಬಿಟ್ಟರೆ ಡ್ರೈವರ್ ಲೋಡ್ ಆಗುವುದೇ ಇಲ್ಲ.

ಹಂತ 5: ಫರ್ಮ್‌ವೇರ್ ಕಡತ

ಇಂದಿನ ವೈಫೈ ಚಿಪ್, ಬ್ಲೂಟೂತ್, ಗ್ರಾಫಿಕ್ಸ್ ಬಹುತೇಕ ತಮ್ಮ ಒಳಗಿನ ಪ್ರೋಗ್ರಾಂ ಇಲ್ಲದೆ ಹುಟ್ಟುತ್ತವೆ. ಡ್ರೈವರ್ ಅದನ್ನು ‘/ಲಿಬ್/ಫರ್ಮ್‌ವೇರ್’ನಿಂದ ಓದಿ ಚಿಪ್ಪಿಗೆ ತುಂಬಬೇಕು. ಲಾಗ್‌ನಲ್ಲಿ ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ... ಫೇಲ್ಡ್ ವಿತ್ ಎರರ್ -2’ ಎಂದಿದ್ದರೆ ಕಡತ ಇಲ್ಲ ಎಂದರ್ಥ. -2 ಎಂಬ ಸಂಖ್ಯೆಯೇ ಅದನ್ನು ಹೇಳುತ್ತದೆ. ಆದರೆ ಡ್ರೈವರ್ ಮೊದಲು ಹೊಸ ಆವೃತ್ತಿಯ ಕಡತ ಕೇಳಿ, ಸಿಗದೆ, ಹಳೆಯದನ್ನು ಲೋಡ್ ಮಾಡಿಕೊಳ್ಳುವುದೂ ಉಂಟು. ಮುಂದಿನ ಎರಡು ಸಾಲು ಓದಿಯೇ ತೀರ್ಮಾನಿಸಿ.

ಉಬುಂಟುವಿನಲ್ಲಿ ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜ್ ಹೊಸದಾಗಿಸಿ. ಡೆಬಿಯನ್‌ನಲ್ಲಿ 2023ರ 12ನೇ ಆವೃತ್ತಿಯಿಂದ ಇನ್‌ಸ್ಟಾಲರಿನಲ್ಲೇ ಈ ಕಡತಗಳಿವೆ. ಅದಕ್ಕೂ ಹಳೆಯ ಡೆಬಿಯನ್ ಸಿಡಿ ಹಿಡಿದುಕೊಂಡು ವೈಫೈ ಇಲ್ಲವೆಂದು ಒದ್ದಾಡಬೇಡಿ. ವೈಫೈ ಇಲ್ಲದೆ ಪ್ಯಾಕೇಜ್ ತರುವುದು ಹೇಗೆ ಎಂದರೆ, ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಸಾಮಾನ್ಯವಾಗಿ ಅದು ಬೇರೆ ಡ್ರೈವರ್ ಕೇಳದೆ ನಡೆಯುತ್ತದೆ.

ಹಂತ 6: ರೂಟ್ ಡಿಸ್ಕ್ ಸಿಗದೆ ನಿಲ್ಲುವುದು

ಡಿಸ್ಕಿನ ಡ್ರೈವರ್ ಡಿಸ್ಕಿನಲ್ಲೇ ಇದ್ದರೆ ಓದುವುದು ಹೇಗೆ? ಈ ತೊಡಕು ಬಿಡಿಸಲೆಂದೇ ಇನಿಟ್‌ರ‍್ಯಾಮ್‌ಎಫ್‌ಎಸ್ ಇದೆ. ಬೇಕಾದ ಡ್ರೈವರುಗಳ ಸಣ್ಣ ಗಂಟನ್ನು ಗ್ರಬ್ ಕರ್ನಲ್ ಜೊತೆಗೇ ಮೆಮೊರಿಗೆ ಹಾಕುತ್ತದೆ. ರೂಟ್ ಡಿಸ್ಕ್ (ಲಿನಕ್ಸ್ ಕೂತಿರುವ ಡಿಸ್ಕ್) ಸಿಗದಿದ್ದರೆ ‘ಅಲರ್ಟ್! ಯುಯುಐಡಿ=... ಡಸ್ ನಾಟ್ ಎಕ್ಸಿಸ್ಟ್’ ಎಂದು ಬರೆದು ‘ಇನಿಟ್‌ರ‍್ಯಾಮ್‌ಎಫ್‌ಎಸ್’ ಪ್ರಾಂಪ್ಟ್‌ನಲ್ಲಿ ನಿಲ್ಲುತ್ತದೆ. ಡೇಟಾ ಹೋಯಿತೆಂದು ಗಾಬರಿಯಾಗಬೇಡಿ, ಫಾರ್ಮ್ಯಾಟ್ ಮಾತನ್ನಂತೂ ಎತ್ತಲೇಬೇಡಿ.

ಅಲ್ಲಿಯೇ ‘ಕ್ಯಾಟ್ /ಪ್ರಾಕ್/ಪಾರ್ಟಿಶನ್ಸ್’ ಕೊಡಿ. ‘ಎಸ್‌ಡಿಎ’ ಅಥವಾ ‘ಎನ್‌ವಿಎಂಇ0ಎನ್1’ ಕಂಡರೆ ಡಿಸ್ಕ್ ಸಿಕ್ಕಿದೆ, ಯುಯುಐಡಿ (ಪಾರ್ಟಿಶನ್ನಿನ ಗುರುತಿನ ಸಂಖ್ಯೆ) ಮಾತ್ರ ಹೊಂದುತ್ತಿಲ್ಲ. ‘ಬಿಎಲ್‌ಕೆಐಡಿ’ ತೋರಿಸುವುದನ್ನು ‘ಕ್ಯಾಟ್ /ಪ್ರಾಕ್/ಸಿಎಂಡಿಲೈನ್’ ಜೊತೆ ಹೋಲಿಸಿ. ಸ್ವಲ್ಪ ಹೊತ್ತು ಕಾದ ಮೇಲೆ ಡಿಸ್ಕ್ ಕಂಡು, ‘ಎಕ್ಸಿಟ್’ ಕೊಟ್ಟರೆ ಬೂಟ್ ಮುಂದುವರಿಯುತ್ತದೆ ಎಂದಾದರೆ ಡಿಸ್ಕ್ ತಡವಾಗಿ ಏಳುತ್ತಿದೆ; ಯುಎಸ್‌ಬಿ ಡಿಸ್ಕಿನಿಂದ ಬೂಟ್ ಮಾಡುವವರಿಗೆ ಇದು ಪರಿಚಿತ. ಕರ್ನಲ್ ಸಾಲಿಗೆ ‘ರೂಟ್‌ಡಿಲೇ=10’ ಸೇರಿಸಿ.

ಡಿಸ್ಕೇ ಕಾಣದಿದ್ದರೆ ಹಂತ 1ರ ಸಾಟಾ ಮೋಡ್ ನೋಡಿ. ಅದು ಸರಿಯಿದ್ದು, ಡಿಸ್ಕನ್ನು ಒಂದು ಯಂತ್ರದಿಂದ ಕಿತ್ತು ಇನ್ನೊಂದಕ್ಕೆ ಹಾಕಿದ್ದರೆ, ಗಂಟಿನಲ್ಲಿ ಹೊಸ ಯಂತ್ರದ ಡ್ರೈವರ್ ಇಲ್ಲದಿರಬಹುದು. ‘/ಇಟಿಸಿ/ಇನಿಟ್‌ರ‍್ಯಾಮ್‌ಎಫ್‌ಎಸ್-ಟೂಲ್ಸ್/ಇನಿಟ್‌ರ‍್ಯಾಮ್‌ಎಫ್‌ಎಸ್.ಕಾನ್ಫ್’ ಕಡತದಲ್ಲಿ ‘ಮಾಡ್ಯೂಲ್ಸ್=ಡೆಪ್’ (ಮೊದಲ ಪದ ದೊಡ್ಡಕ್ಷರ) ಇದ್ದರೆ ಆಯಾ ಯಂತ್ರಕ್ಕೆ ಬೇಕಾದಷ್ಟೇ ಡ್ರೈವರ್ ತುಂಬುತ್ತದೆ, ‘ಮೋಸ್ಟ್’ ಇದ್ದರೆ ಬಹುಪಾಲು ಎಲ್ಲ. ಅದನ್ನು ‘ಮೋಸ್ಟ್’ ಮಾಡಬೇಕು. ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ರೂಟ್ ಪಾರ್ಟಿಶನ್ನನ್ನು ‘/ಎಂಎನ್‌ಟಿ’ಗೆ ಮೌಂಟ್ ಮಾಡಿ, ಬೂಟ್ ಬೇರೆ ಪಾರ್ಟಿಶನ್ ಆಗಿದ್ದರೆ ಅದನ್ನೂ ಅದರ ಜಾಗಕ್ಕೆ ಮೌಂಟ್ ಮಾಡಲು ಮರೆಯಬೇಡಿ, ಇಲ್ಲವಾದರೆ ಹೊಸ ಗಂಟು ತಪ್ಪು ಕಡೆ ಹೋಗುತ್ತದೆ. ಡೆವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ, ‘ಸಿಎಚ್‌ರೂಟ್ /ಎಂಎನ್‌ಟಿ’ ಮೂಲಕ ಡಿಸ್ಕಿನ ಲಿನಕ್ಸ್ ಒಳಹೋಗಿ, ಆ ಕಡತ ತಿದ್ದಿ, ‘ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು -ಕೆ ಆಲ್’ ಕೊಡಿ. ಫೆಡೋರಾದಲ್ಲಿ ಇಷ್ಟು ಕಷ್ಟವಿಲ್ಲ: ಗ್ರಬ್ ಮೆನುವಿನ ರೆಸ್ಕ್ಯೂ ಆಯ್ಕೆಯಲ್ಲಿ ಎಲ್ಲ ಡ್ರೈವರ್ ಇರುತ್ತವೆ. ಅದರಿಂದ ಬೂಟ್ ಆಗಿ, ಸಾಮಾನ್ಯವಾಗಿ ಬಳಸುವ ಕರ್ನಲ್‌ನ ಗಂಟನ್ನು ‘ಡ್ರಾಕಟ್ -ಎಫ್ --ರೀಜನರೇಟ್-ಆಲ್’ನಿಂದ ಹೊಸದಾಗಿ ಕಟ್ಟಿಸಿ.

ಬೂಟ್ ನಿಲ್ಲದೆ ಒಂದೂವರೆ ನಿಮಿಷ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂದು ಕಾಯುತ್ತಿದ್ದರೆ ಅದು ಬೇರೆ ಕತೆ. ಬೂಟ್ ವೇಳೆ ಮೌಂಟ್ ಆಗಬೇಕಾದ ಡಿಸ್ಕುಗಳ ಪಟ್ಟಿಯಾದ ‘/ಇಟಿಸಿ/ಎಫ್‌ಎಸ್‌ಟ್ಯಾಬ್’ನಲ್ಲಿ ಹೆಚ್ಚಾಗಿ ಈಗ ಇಲ್ಲದ ಡಿಸ್ಕಿನ ಸಾಲಿರುತ್ತದೆ. ಅದನ್ನು ತೆಗೆಯಿರಿ, ಅಥವಾ ಆಯ್ಕೆಗಳಲ್ಲಿ ‘ನೋಫೇಲ್’ ಸೇರಿಸಿ.

ಹಂತ 7: ಸಾಟಾ ಕೇಬಲ್ ಹೇಳುವ ಮಾತು

ಒಳ್ಳೆಯ ಸ್ಥಿತಿಯಲ್ಲಿ ‘ಎಟಿಎ1: ಸಾಟಾ ಲಿಂಕ್ ಅಪ್ 6.0 ಜಿಬಿಪಿಎಸ್’ ಎಂದಿರುತ್ತದೆ. ಖಾಲಿ ಪೋರ್ಟಿಗೆ ‘ಲಿಂಕ್ ಡೌನ್’ ಬರುವುದು ಸಹಜ, ಅದನ್ನು ನೋಡಿ ದಿಗಿಲಾಗಬೇಡಿ. ‘ಕಾಮ್‌ರೀಸೆಟ್ ಫೇಲ್ಡ್’ ಬಂದು, ಆಮೇಲೆ ‘ಲಿಮಿಟಿಂಗ್ ಸಾಟಾ ಲಿಂಕ್ ಸ್ಪೀಡ್ ಟು 3.0’, ಮತ್ತೆ 1.5 ಎಂದು ಇಳಿಯುತ್ತ ಹೋದರೆ ಡಿಸ್ಕನ್ನು ಬೈಯುವ ಮೊದಲು ಕೇಬಲ್ ಬದಲಿಸಿ. ‘ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ’ ಕೊಟ್ಟಾಗ 199 ಎಂಬ ಸಂಖ್ಯೆಯಿರುವ ಸಾಲಿನ ಸಿಆರ್‌ಸಿ ಎರರ್ ಎಣಿಕೆ ಏರುತ್ತಿದ್ದರೆ ಕೇಬಲ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. 5 ಮತ್ತು 197 ಸಂಖ್ಯೆಯ ಸಾಲುಗಳ ಎಣಿಕೆ ಏರುತ್ತಿದ್ದರೆ ಡಿಸ್ಕೇ ಸಾಯುತ್ತಿದೆ, ಮೊದಲು ಬ್ಯಾಕಪ್ ತೆಗೆಯಿರಿ.

ಹಂತ 8: ಯುಎಸ್‌ಬಿ, ಮತ್ತು ಅಡತಿ ಅಂಗಡಿಯ ತೂಕದ ಯಂತ್ರ

ಯುಎಸ್‌ಬಿ ಸಾಧನ ಚುಚ್ಚಿದಾಗ ಹಬ್‌ನ ಪೋರ್ಟ್ ಸ್ಥಿತಿ ಬದಲಾಗುತ್ತದೆ. ಕರ್ನಲ್ ಪೋರ್ಟನ್ನು ರೀಸೆಟ್ ಮಾಡುತ್ತದೆ, ಸಾಧನ ಮೊದಲು 0 ವಿಳಾಸದಲ್ಲಿ ಉತ್ತರ ಕೊಡುತ್ತದೆ, ಆಮೇಲೆ 1ರಿಂದ 127ರೊಳಗೆ ಒಂದು ವಿಳಾಸ ಸಿಗುತ್ತದೆ. 18 ಬೈಟ್‌ಗಳ ಡಿಸ್ಕ್ರಿಪ್ಟರಿನಲ್ಲಿ ತಯಾರಕ, ಮಾಡೆಲ್ ಸಂಖ್ಯೆ ಇರುತ್ತದೆ. ಯುಎಸ್‌ಬಿ 2ರಲ್ಲಿ ಇಷ್ಟು ಪರಿಚಯ ಮುಗಿಯುವ ತನಕ ಸಾಧನ 100 ಮಿಲಿಆಂಪ್ ಮಾತ್ರ ಎಳೆಯಬಹುದು, ಆಮೇಲೆ 500ರ ತನಕ.

‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -71’ ಎಂದರೆ ಸಂಕೇತ ಕೆಟ್ಟು ಬರುತ್ತಿದೆ. -110 ಎಂದರೆ ಉತ್ತರವೇ ಬರಲಿಲ್ಲ. ಎರಡಕ್ಕೂ ಕೇಬಲ್, ಮುಂಭಾಗದ ಪೋರ್ಟ್, ಪವರ್ ಇಲ್ಲದ ಹಬ್ ಇವೇ ಮೊದಲ ಅನುಮಾನ. ಸಾಧನವನ್ನು ಹಿಂಭಾಗದ ಪೋರ್ಟಿಗೆ ನೇರ ಹಾಕಿ ನೋಡಿ. ಕೌಂಟರಿನಿಂದ ಗೋಡೆಯಾಚೆ ಎಳೆದ ಉದ್ದ ಕೇಬಲ್ 5 ಮೀಟರ್ ದಾಟಿದ್ದರೆ ಅದೇ ಕಾರಣ. ಪೋರ್ಟಿನಲ್ಲಿ ಕಾಣುವ ಸಾಧನಕ್ಕೆ ಡ್ರೈವರ್ ಕೂತಿದೆಯೇ ಎಂದು ‘ಎಲ್‌ಎಸ್‌ಯುಎಸ್‌ಬಿ -ಟಿ’ ಹೇಳುತ್ತದೆ.

ತೂಕದ ಯಂತ್ರಕ್ಕೆ ಬರೋಣ. ಬಹುತೇಕ ಇವು ಆರ್‌ಎಸ್-232 ಸೀರಿಯಲ್ ಕೇಬಲ್‌ನವು, ಕಂಪ್ಯೂಟರಿಗೆ ಯುಎಸ್‌ಬಿ ಕನ್ವರ್ಟರ್ ಮೂಲಕ ಜೋಡಿಸುತ್ತಾರೆ. ಕರ್ನಲ್‌ಗೆ ಕಾಣುವುದು ಕನ್ವರ್ಟರ್ ಮಾತ್ರ. ಅದರ ಆಚೆಗೆ ತೂಕದ ಯಂತ್ರವಿದೆಯೋ ಬರಿ ವೈರ್ ನೇತಾಡುತ್ತಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ. ಕನ್ವರ್ಟರಿಗೆ ‘ಟಿಟಿವೈಯುಎಸ್‌ಬಿ0’ ಎಂಬ ಹೆಸರು ಹುಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ಅಗ್ಗದ ಕನ್ವರ್ಟರುಗಳಲ್ಲಿ ಹೆಚ್ಚಾಗಿ ಸಿಎಚ್340 ಚಿಪ್ ಇರುತ್ತದೆ, ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ 1ಎ86:7523. ಉಬುಂಟು 22.04ರಲ್ಲಿ ಇದನ್ನು ಚುಚ್ಚಿದರೆ ಪೋರ್ಟ್ ಹುಟ್ಟಿ ಒಡನೆಯೇ ಮಾಯವಾಗುವುದುಂಟು. ಲಾಗ್ ನೋಡಿದರೆ ‘ಬಿಆರ್‌ಎಲ್‌ಟಿಟಿವೈ’ ಎಂಬ ಹೆಸರು ಸಿಗುತ್ತದೆ. ಅದು ಅಂಧರ ಬ್ರೈಲ್ ಫಲಕ ನಡೆಸುವ ಸೇವೆ. ಅಂಥ ಫಲಕವೊಂದು ಇದೇ ಸಂಖ್ಯೆಯ ಚಿಪ್ ಬಳಸುವುದರಿಂದ ಕನ್ವರ್ಟರನ್ನು ತನ್ನದೆಂದು ಕಿತ್ತುಕೊಳ್ಳುತ್ತದೆ. ಆ ಯಂತ್ರದಲ್ಲಿ ಬ್ರೈಲ್ ಬಳಸುವವರು ಇಲ್ಲವೆಂದು ಖಚಿತಪಡಿಸಿಕೊಂಡು ‘ಸುಡೋ ಎಪಿಟಿ ರಿಮೂವ್ ಬಿಆರ್‌ಎಲ್‌ಟಿಟಿವೈ’ ಕೊಡಿ, ಕನ್ವರ್ಟರ್ ಕಿತ್ತು ಮತ್ತೆ ಹಾಕಿ.

ಪೋರ್ಟ್ ನಿಂತ ಮೇಲೆ ‘ಪರ್ಮಿಷನ್ ಡಿನೈಡ್’ ಬಂದರೆ ಬಳಕೆದಾರರನ್ನು ‘ಡಯಲ್‌ಔಟ್’ ಗುಂಪಿಗೆ ಸೇರಿಸಿ: ‘ಸುಡೋ ಯೂಸರ್‌ಮಾಡ್ -ಎಜಿ ಡಯಲ್‌ಔಟ್’, ಮುಂದೆ ಬಳಕೆದಾರರ ಹೆಸರು. ಇದರಲ್ಲಿ ‘ಜಿ’ ದೊಡ್ಡಕ್ಷರ. ಲಾಗ್‌ಔಟ್ ಆಗಿ ಬಂದ ಮೇಲೆಯೇ ಇದು ಜಾರಿಗೆ ಬರುತ್ತದೆ. ಆಮೇಲೆ ‘ಎಸ್‌ಟಿಟಿವೈ -ಎಫ್ /ಡೆವ್/ಟಿಟಿವೈಯುಎಸ್‌ಬಿ0 9600’ ಕೊಟ್ಟು (‘ಎಫ್’, ಟಿಟಿವೈ ನಂತರದ ‘ಯುಎಸ್‌ಬಿ’ ದೊಡ್ಡಕ್ಷರ), ‘ಕ್ಯಾಟ್’ನಿಂದ ಅದೇ ಪೋರ್ಟ್ ಓದಿ, ತಕ್ಕಡಿ ಮೇಲೆ ಏನಾದರೂ ಇಡಿ. ತೂಕ ಬಂದರೆ ಆಯಿತು. ಅರ್ಥವಿಲ್ಲದ ಅಕ್ಷರ ಬಂದರೆ ವೇಗ ತಪ್ಪಿದೆ, ಯಂತ್ರದ ಕೈಪಿಡಿಯಲ್ಲಿರುವ ಬಾಡ್ ರೇಟ್ ಹಾಕಿ. ಏನೂ ಬರದಿದ್ದರೆ ಕೇಬಲ್‌ನ 2 ಮತ್ತು 3ನೇ ಪಿನ್ ಅದಲುಬದಲಾಗಿರಬಹುದು.

ಎರಡು ಕನ್ವರ್ಟರ್ ಇದ್ದಲ್ಲಿ ಇಂದು 0 ಆದದ್ದು ನಾಳೆ 1 ಆಗುತ್ತದೆ, ಬಿಲ್ಲಿಂಗ್ ಸಾಫ್ಟ್‌ವೇರ್ ಪ್ರಿಂಟರಿನಿಂದ ತೂಕ ಕೇಳುತ್ತ ಕೂರುತ್ತದೆ. ಸಿಎಚ್340ಯಲ್ಲಿ ಸಾಮಾನ್ಯವಾಗಿ ಸೀರಿಯಲ್ ಸಂಖ್ಯೆ ಇರುವುದಿಲ್ಲ, ಆದ್ದರಿಂದ ‘/ಡೆವ್/ಸೀರಿಯಲ್/ಬೈ-ಐಡಿ’ ಇಲ್ಲಿ ಉಪಯೋಗಕ್ಕೆ ಬಾರದು. ‘ಬೈ-ಪಾತ್’ ಹೆಸರು ಬಳಸಿ, ಯಾವ ತೂತಿಗೆ ಯಾವ ಕೇಬಲ್ ಎಂದು ಕ್ಯಾಬಿನೆಟ್ ಹಿಂದೆ ಪೇಂಟಿನಲ್ಲಿ ಬರೆದಿಡಿ.

ಹಂತ 9: ತಾವಾಗಿ ಹೆಸರು ಹೇಳದ ಸಾಧನಗಳು

ಪಿಸಿಐ, ಯುಎಸ್‌ಬಿಗೆ ತಮ್ಮ ಪರಿಚಯ ಹೇಳುವ ವಿಧಾನವಿದೆ. ಹಳೆಯ ಪ್ಯಾರಲೆಲ್ ಮತ್ತು ಸೀರಿಯಲ್ ಪೋರ್ಟ್, ಐ2ಸಿ, ಎಸ್‌ಪಿಐ (ಸಣ್ಣ ಚಿಪ್, ಸೆನ್ಸರ್ ಜೋಡಿಸುವ ಬಸ್ಸುಗಳು) ಸಾಧನಗಳಿಗೆ ಅದಿಲ್ಲ. ಬೇರೆಯವರು ಕರ್ನಲ್‌ಗೆ ಹೇಳಬೇಕು. ಪಿಸಿಯಲ್ಲಿ ಆ ಕೆಲಸ ಎಸಿಪಿಐನದು, ರಾಸ್ಪ್‌ಬೆರಿ ಪೈನಂಥ ಸಣ್ಣ ಕಂಪ್ಯೂಟರ್ ಬೋರ್ಡುಗಳಲ್ಲಿ ಡಿವೈಸ್ ಟ್ರೀ ಎಂಬ ಕಡತದ್ದು.

ಮುದ್ರಣಾಲಯದ ಹಳೆಯ ಯಂತ್ರದಲ್ಲಿ 25 ಪಿನ್ನಿನ ಪ್ರಿಂಟರ್ ಪೋರ್ಟ್ ಬೇಕಿದ್ದರೆ ಮೊದಲು ಬಯೋಸ್‌ನಲ್ಲಿ ಅದನ್ನು ಆನ್ ಮಾಡಿ. ಲಾಗ್‌ನಲ್ಲಿ ‘ಪಾರ್‌ಪೋರ್ಟ್0: ಪಿಸಿ-ಸ್ಟೈಲ್ ಅಟ್ 0ಎಕ್ಸ್378’ ಬರಬೇಕು. ಬಾರದಿದ್ದರೆ ‘ಸುಡೋ ಮಾಡ್‌ಪ್ರೋಬ್ ಪಾರ್‌ಪೋರ್ಟ್_ಪಿಸಿ’, ಆಮೇಲೆ ‘ಎಲ್‌ಪಿ’. ಯುಎಸ್‌ಬಿಯಿಂದ ಪ್ಯಾರಲೆಲ್ ಮಾಡುವ ಕೇಬಲ್ ಪ್ರಿಂಟರಿಗೆ ನಡೆಯುತ್ತದೆ, ‘/ಡೆವ್/ಯುಎಸ್‌ಬಿ/ಎಲ್‌ಪಿ0’ ಹುಟ್ಟುತ್ತದೆ. ಆದರೆ 0ಎಕ್ಸ್378 ವಿಳಾಸವನ್ನೇ ನೇರ ಮುಟ್ಟುವ ಹಳೆಯ ಡಾಂಗಲ್, ಕಟಿಂಗ್ ಯಂತ್ರಗಳಿಗೆ ಅದು ಬರುವುದಿಲ್ಲ. ಆ ಕೇಬಲ್ ಕೊಂಡು ಹಣ ಕಳೆಯಬೇಡಿ.

ಹಾವೇರಿ ಕಡೆ ಉಗ್ರಾಣದ ತೇವ ಅಳೆಯಲು ರಾಸ್ಪ್‌ಬೆರಿ ಪೈಗೆ ಬಿಎಂಇ280 ಸೆನ್ಸರ್ ಕಟ್ಟುವವರು ‘/ಬೂಟ್/ಫರ್ಮ್‌ವೇರ್/ಕಾನ್ಫಿಗ್.ಟಿಎಕ್ಸ್‌ಟಿ’ಯಲ್ಲಿ ‘ಡಿಟಿಪ್ಯಾರಮ್=ಐ2ಸಿ_ಆರ್ಮ್=ಆನ್’ ಸೇರಿಸಿ ರೀಬೂಟ್ ಮಾಡಿ. ‘ಐ2ಸಿಡಿಟೆಕ್ಟ್ -ವೈ 1’ ಕೊಟ್ಟಾಗ 76 ಅಥವಾ 77 ಕಾಣಬೇಕು. ಕಾಣದಿದ್ದರೆ ಎಸ್‌ಡಿಎ, ಎಸ್‌ಸಿಎಲ್ ಎಂಬ ಸೆನ್ಸರಿನ ಎರಡು ವೈರ್ ಅದಲುಬದಲಾಗಿವೆಯೇ ನೋಡಿ. ಪೈನ ಪಿನ್‌ಗಳು 3.3 ವೋಲ್ಟಿನವು, 5 ವೋಲ್ಟ್ ಸಂಕೇತ ತಾಗಿದರೆ ಬೋರ್ಡ್ ಸುಟ್ಟುಹೋಗಬಹುದು.

ಹಂತ 10: ಕರ್ನಲ್ ಆಯ್ಕೆಗಳು ಮತ್ತು ಅಪ್‌ಡೇಟ್ ನಂತರ ಕೆಡುವುದು

‘ನೋಮೋಡ್‌ಸೆಟ್’ ಗ್ರಾಫಿಕ್ಸ್ ಡ್ರೈವರುಗಳನ್ನು ಕೂರಿಸದೆ, ಫರ್ಮ್‌ವೇರ್ ಕೊಟ್ಟ ಪರದೆಯಲ್ಲೇ ನಡೆಸುತ್ತದೆ. ಕಪ್ಪು ಪರದೆಯಿಂದ ಪಾರಾಗಿ ಸರಿಯಾದ ಡ್ರೈವರ್ ಹಾಕಿಕೊಳ್ಳಲು ಅದು ಸಾಕು, ಆಮೇಲೆ ತೆಗೆದುಬಿಡಿ. ‘ಮಾಡ್‌ಪ್ರೋಬ್.ಬ್ಲ್ಯಾಕ್‌ಲಿಸ್ಟ್=’ ಮುಂದೆ ಮಾಡ್ಯೂಲ್ ಹೆಸರು ಕೊಟ್ಟರೆ, ಬೂಟ್ ಕೆಡಿಸುತ್ತಿರುವ ಒಂದೇ ಡ್ರೈವರನ್ನು ಹೊರಗಿಡಬಹುದು. ಯಾವ ಡ್ರೈವರ್ ಮೇಲೆ ನಿಂತಿತು ಎಂದೇ ತಿಳಿಯದಿದ್ದರೆ ‘ಇನಿಟ್‌ಕಾಲ್_ಡೀಬಗ್’ ಮತ್ತು ‘ಇಗ್ನೋರ್_ಲಾಗ್‌ಲೆವೆಲ್’ ಎರಡನ್ನೂ ಸೇರಿಸಿ. ಪರದೆಯ ಮೇಲೆ ಕೊನೆಗೆ ಉಳಿದ ಹೆಸರನ್ನು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಒಮ್ಮೆಗೆ ಒಂದೇ ಆಯ್ಕೆ ಪರೀಕ್ಷಿಸಿ. ಫಲ ಕೊಟ್ಟದ್ದನ್ನು ಮಾತ್ರ ‘/ಇಟಿಸಿ/ಡಿಫಾಲ್ಟ್/ಗ್ರಬ್’ ಕಡತಕ್ಕೆ ಬರೆದು ‘ಸುಡೋ ಅಪ್‌ಡೇಟ್-ಗ್ರಬ್’ ಕೊಡಿ.

ನಿನ್ನೆಯ ಅಪ್‌ಡೇಟ್ ನಂತರ ವೈಫೈ ಅಥವಾ ಗ್ರಾಫಿಕ್ಸ್ ಹೋಗಿದ್ದರೆ ಗ್ರಬ್‌ನ ‘ಅಡ್ವಾನ್ಸ್ಡ್ ಆಪ್ಷನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿ ಬೂಟ್ ಮಾಡಿ. ಅದರಲ್ಲಿ ಸಾಧನ ಕಂಡರೆ ಹಾರ್ಡ್‌ವೇರ್ ಸರಿಯಿದೆ. ಎರಡೂ ಕರ್ನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಉಳಿಸಿ ಹೋಲಿಸಿದರೆ ಡ್ರೈವರ್ ಸಾಲು ಎಲ್ಲಿ ಬಿಟ್ಟುಹೋಗಿದೆ ಎಂದು ಕಾಣುತ್ತದೆ. ಹೊರಗಿನಿಂದ ಹಾಕಿದ ಡ್ರೈವರ್ ಆದರೆ ‘ಡಿಕೆಎಂಎಸ್ ಸ್ಟೇಟಸ್’ ನೋಡಿ; ಪ್ರತಿ ಹೊಸ ಕರ್ನಲ್‌ಗೂ ಅಂಥ ಡ್ರೈವರನ್ನು ಮತ್ತೆ ಕಟ್ಟುವುದು ಡಿಕೆಎಂಎಸ್‌ನ ಕೆಲಸ. ಹೊಸ ಕರ್ನಲ್‌ನ ಸಂಖ್ಯೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಹೆಡರ್ ಪ್ಯಾಕೇಜ್ (ಡ್ರೈವರ್ ಕಟ್ಟಲು ಬೇಕಾದ ಕರ್ನಲ್ ಕಡತಗಳು) ಇಲ್ಲದೆ ಡ್ರೈವರ್ ಕಟ್ಟುವುದು ನಿಂತಿರುವ ಸಾಧ್ಯತೆ ಹೆಚ್ಚು. ಉಬುಂಟುವಿನಲ್ಲಿ ‘ಸುಡೋ ಎಪಿಟಿ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-ಜೆನೆರಿಕ್’, ಡೆಬಿಯನ್‌ನಲ್ಲಿ ಕೊನೆಯ ಪದ ‘ಎಎಂಡಿ64’. ಆಮೇಲೆ ‘ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್ -ಕೆ’ ಮುಂದೆ ಹೊಸ ಕರ್ನಲ್‌ನ ಸಂಖ್ಯೆ ಕೊಟ್ಟು ರೀಬೂಟ್ ಮಾಡಿ. ಅದು ನಡೆಯುವ ತನಕ ಹಳೆಯ ಕರ್ನಲ್‌ನ್ನು ತೆಗೆದುಹಾಕಬೇಡಿ.